ಬೋಲ್ಟಣ್ಣ ಸಹಿ ಹಾಕದ ಆಸ್ಪತ್ರೆ

ಅತ್ತಿಗೆ, ಮಗಳು, ಅಳಿಯಂದಿರು, ಕಚೇರಿಯ ಹಳಬರು, ಹೊಸಬರು — ಅಗಲಿದ ಬೋಲ್ಟಣ್ಣನ ನೆನಪಿಗೆ ಸೇರಿದ ಎಲ್ಲರಿಗೂ ನಮಸ್ಕಾರ.

ಹನ್ನೊಂದು ವರ್ಷಗಳ ಹಿಂದೆ, ಆಸ್ಪತ್ರೆಯ ಉಕ್ಕಿನ ಕಟ್ಟಡದ ಲೆಕ್ಕಕ್ಕೆ ಸಹಿ ಹಾಕಲಿಲ್ಲವೆಂದು ನಮ್ಮ ಬೋಲ್ಟಣ್ಣನನ್ನು ವಿನ್ಯಾಸ ವಿಭಾಗದಿಂದ ಎತ್ತಿ ಉಗ್ರಾಣಕ್ಕೆ ಹಾಕಿದರು. ಅದನ್ನು ಹೇಳದೆ ಅವರನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಆಗಿದ್ದು ಇಷ್ಟೇ. ಉಕ್ಕಿನ ಮೇಲೆ ಎಷ್ಟು ಒತ್ತಡ ಬೀಳಬಹುದು ಎಂಬುದಕ್ಕೆ ಒಂದು ಮಿತಿ ಇಡುತ್ತೇವೆ. ಭೂಕಂಪ ಅಪರೂಪವಲ್ಲವೇ — ಅದರ ಲೆಕ್ಕದಲ್ಲಿ ಮಿತಿಯನ್ನು ಮೂರನೇ ಒಂದರಷ್ಟು ಏರಿಸಬಹುದಿತ್ತು. ಇಲ್ಲವೇ ಲೆಕ್ಕಕ್ಕೆ ಹಿಡಿಯುವ ಭಾರವನ್ನು ಕಾಲುಭಾಗ ಇಳಿಸಬಹುದಿತ್ತು. ಎರಡರಲ್ಲಿ ಒಂದು — ಒಂದೇ! ಹಳೆಯ ಅಭ್ಯಾಸ, ಹೊಸ ಸೂತ್ರ ಬೆರೆತು, ಆಸ್ಪತ್ರೆಯ ಲೆಕ್ಕದಲ್ಲಿ ಎರಡೂ ಸೇರಿಕೊಂಡವು. ಕಂಬಗಳು ತೆಳ್ಳಗಾದವು.

ಅಂದಿನ ಮುಖ್ಯಸ್ಥರು ರೇಗಿದರು: “ಏನ್ರೀ, ಭೂಕಂಪ ದಿನಾ ಬರುತ್ತಾ?”

“ಬರಲ್ಲ ಸಾರ್. ಅದಕ್ಕೇ ಒಂದ್ಸಲ ರಿಯಾಯಿತಿ ಕೊಟ್ಟಾಯ್ತಲ್ಲ. ಅದೇ ನೆಪಕ್ಕೆ ಇನ್ನೊಂದ್ಸಲ ಯಾಕೆ?”

ಉಗ್ರಾಣದಲ್ಲಿ ಕೊರಗಿದರೇ? ಇಲ್ಲ — ಅಲ್ಲೂ ರಾಜನಂತಿದ್ದರು. “ನಿದ್ದೆ ಚೆನ್ನಾಗಿ ಬರುತ್ತೆ ಕಣೋ,” ಎನ್ನುತ್ತಿದ್ದರು. ಮದುವೆ ಮನೆಗೆ ಹೋದರೆ ಮೊದಲು ಕತ್ತೆತ್ತಿ — ಹೀಗೆ — ಚಾವಣಿಯ ಬೋಲ್ಟುಗಳನ್ನು ನೋಡುವುದು. ಅತ್ತಿಗೆ ಮೊಣಕೈಯಿಂದ ತಿವಿಯುತ್ತಿದ್ದರು: “ಊಟ ಕೆಳಗಿದೆ ರೀ!” ಅತ್ತಿಗೆ ಈಗಲೂ ನಗುತ್ತಿದ್ದಾರೆ, ನೋಡಿ. ತುಂಬು ಬಾಳು ಬಾಳಿದ ಮನುಷ್ಯ. ಅವರಿಗಾಗಿ ನಾವು ಅಳಬೇಕಾಗಿಲ್ಲ.

ಆದರೆ ಬೇರೆ ಯಾರದೋ ಸಹಿಯಿಂದ, ಅದೇ ತೆಳು ಕಂಬಗಳ ಮೇಲೆ ಎದ್ದ ಆ ಕಟ್ಟಡದಲ್ಲಿ ಈಗ ಹೆರಿಗೆ ವಾರ್ಡಿದೆ. ಅವರ ಮೊಮ್ಮಗಳು ಹುಟ್ಟಿದ್ದೂ ಅಲ್ಲೇ. ಕೂಸನ್ನು ಎತ್ತಿಕೊಂಡು, ಕಂಬದ ಕಡೆ ನೋಡಿ, “ಬೇಗ ಮನೆಗೆ ಕರ್ಕೊಂಡು ಹೋಗೋಣ” ಅಂದರು. ನಾನು ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ. ಅವರು ಎಷ್ಟು ಸಲ ಕೇಳಿದರೂ ಆ ಲೆಕ್ಕವನ್ನು ಇವತ್ತಿನವರೆಗೆ ಯಾರೂ ಮತ್ತೆ ತೆಗೆದು ನೋಡಿಲ್ಲ. ಇವತ್ತೂ ಅಲ್ಲಿ ತಾಯಂದಿರು ಮಲಗಿದ್ದಾರೆ.

ಈಗಿನ ಮುಖ್ಯ ಎಂಜಿನಿಯರ್ ಮುಂದಿನ ಸಾಲಿನಲ್ಲೇ ಇದ್ದಾರೆ. ಸಾರ್, ತಪ್ಪು ನಿಮ್ಮದಲ್ಲ. ಉತ್ತರ ಮಾತ್ರ ನಿಮ್ಮದು.

ಎಲ್ಲರೂ ಏಳಿ. ಬೋಲ್ಟಣ್ಣನಿಗಾಗಿ ಒಂದು ನಿಮಿಷ ಸುಮ್ಮನೆ ನಿಲ್ಲೋಣ. ಅದು ಮುಗಿದ ಮೇಲೆ ಯಾರೂ ಕೂರುವುದು ಬೇಡ — ಆ ಕಂಬಗಳ ಲೆಕ್ಕವನ್ನು ಮತ್ತೆ ಮಾಡಿಸುತ್ತೀರಾ, ಇಲ್ಲವಾ? ಇಲ್ಲೇ, ಎಲ್ಲರೆದುರು ಹೇಳಿ, ಸಾರ್.