ಉಯ್ಯಾಲೆ ಕೆಳಗಿನ ಬೋಳು ಜಾಗ

ಗಿಡದ ನರ್ಸರಿಯಲ್ಲಿ ದುಡ್ಡು ಕಟ್ಟೋ ಸಾಲು ಎಷ್ಟು ನಿಧಾನ ಅಂದ್ರೆ, ಅಲ್ಲಿ ನಿಂತಿದ್ದ ಒಬ್ಬ ಆಟೋದವನ ಕೈಲಿದ್ದ ಮಲ್ಲಿಗೆ ಗಿಡ ಮೊಗ್ಗು ಬಿಟ್ಟು, ಹೂ ಅರಳಿ, ಉದುರೂ ಹೋಯ್ತು! ಅವನ ಮುಂದೆ ಗಂಡ ಹೆಂಡತಿ ನಿಂತಿದ್ರು. ಗಂಡನ ಕೈಲೊಂದು ಗಿಡದ ಕುಂಡ.

“ನೆಲಕ್ಕೇ ಹಬ್ಬುತ್ತಂತೆ ಕಣೇ. ವರ್ಷಪೂರ್ತಿ ಹಸಿರು.”

“ಬೇಗ ಹಬ್ಬುತ್ತಾ?”

“ಹೂಂ. ಮಳೆಗಾಲ ಮುಗಿಯೋಷ್ಟರಲ್ಲಿ ಉಯ್ಯಾಲೆ ಕೆಳಗಿನ ಬೋಳು ಜಾಗ ಮುಚ್ಚಿಹೋಗುತ್ತೆ.”

“ಹಾಗಾದ್ರೆ ಬೇಡ ರೀ.”

“ಅಲ್ಲಿ ಹುಲ್ಲೂ ಬರ್ತಿಲ್ಲ ಮಾರಾಯ್ತಿ!”

“ನಮ್ಮ ಪುಟ್ಟಿ ಉಯ್ಯಾಲೆ ಆಡ್ತಾ ಕಾಲು ಉಜ್ಜಿ ಉಜ್ಜಿ ಸವೆಸಿದ ನೆಲ ರೀ ಅದು. ಅವಳು ತೀರ್ಕೊಂಡ್ಮೇಲೆ ಉಳಿದಿರೋದು ಅಷ್ಟೇ.”

“ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಅದೇ ಕಾಣುತ್ತೆ. ನನ್ ಕೈಲಿ ಆಗಲ್ಲ ಕಣೇ.”

ಹೆಂಡತಿ ಆಚೆ ಇಟ್ಟಿದ್ದ ಬಳ್ಳಿಗಳ ಕಡೆ ನೋಡಿದ್ಲು.

“ಕಿಟಕಿಗೆ ಬಳ್ಳಿ ಹಬ್ಬಿಸೋಣ. ನೆಲ ಹಾಗೇ ಇರ್ಲಿ.”

ಗಂಡ ಕುಂಡ ಕೆಳಗಿಟ್ಟ. ಇಬ್ಬರೂ ಸಾಲು ಬಿಟ್ಟು ಬಳ್ಳಿಗಳ ಕಡೆ ನಡೆದ್ರು.

“ಎಲೆ ಉದುರಿಸೋ ಜಾತಿ ಮಾತ್ರ ಬೇಡ,” ಅಂತಿದ್ದ ಅವನು.