ಕಡಿಮೆ ಮಾಡಿ ಸಾಕು ಅಂದಿದ್ದಕ್ಕೆ

ಮೆಲ್ಲಗೆ ಕಣೇ, ಉರೀತಿದೆ! ಔಷಧಿ ಹಚ್ಚು ಅಂದ್ರೆ ನನ್ನ ಕಾಲಿನ ಮೇಲೆ ಸೇಡು ತೀರಿಸ್ಕೊಳ್ತೀಯಾ?... ಏನು? ಇನ್ನೂ ಹಚ್ಚೇ ಇಲ್ವಾ? ಗೊತ್ತು, ಗೊತ್ತು. ಮುಂಚೆನೇ ಹೇಳಿಟ್ಟೆ, ಅಷ್ಟೆ. ಯಾಕೆ ನಗ್ತೀಯ? ಅತ್ತೆ ಕಾಲು ಕೊಯ್ದುಕೊಂಡು ಬಂದ್ರೆ ಸೊಸೆಗೆ ನಗು!

ಮೊದಲು ಆ ಬಾಗಿಲು ಮುಚ್ಚು. ಮುಂದೆ ಅಂಗಡೀಲಿ ನಿನ್ನ ಗಂಡ ಕಿವಿ ನೆಟ್ಟಗೆ ಮಾಡ್ಕೊಂಡು ನಿಂತಿರ್ತಾನೆ. ‘ಅಮ್ಮಾ, ನಾಳೆಯಿಂದ ಕತ್ತಿ ನನಗೆ ಕೊಡು, ನೀನು ಮನೇಲಿರು’ ಅಂತಾನೆ! ಯಾರ ಕತ್ತಿ? ಅವನಪ್ಪ ಸತ್ತ ಮೇಲೆ ಹೆಂಗಸು ಮಾಂಸ ಕಡೀತಾಳಾ ಅಂತ ಬೀದಿಯೆಲ್ಲ ಕಿಸಕ್ಕಂದಿತ್ತು. ಆಮೇಲೆ ಅದೇ ಬೀದಿ ನನ್ನ ಮುಂದೆ ಸಾಲಾಗಿ ನಿಂತಿತು. ಮಾಂಸ ಸುತ್ತೋ ಪೇಪರಲ್ಲೇ ಅಕ್ಷರ ಕಲಿತವಳು ನಾನು. ನನಗೆ ಬುದ್ಧಿ ಹೇಳೋಕೆ ಬಂದ್ರು ಗಂಡ ಹೆಂಡ್ತಿ!

ಕತ್ತಿ ಜಾರಿತು, ಕಾಲ ಮೇಲೆ ಬಿತ್ತು. ಯಾರ ಕೈಯಿಂದ ಜಾರಲ್ಲ? ನೋವಾಯ್ತು, ಹಲ್ಲು ಕಚ್ಚಿಕೊಂಡೆ. ಗಿರಾಕಿ ಮುಂದೆ ಅಯ್ಯೋ ಅಪ್ಪಾ ಅನ್ನೋಳಲ್ಲ ನಾನು. ಆ ಟೀಚರಮ್ಮ ‘ನಿಮ್ಮ ಚಪ್ಪಲಿ ತುಂಬ ರಕ್ತ’ ಅಂತ ಕಿರುಚದಿದ್ರೆ ನಿಮಗೆ ಗೊತ್ತೂ ಆಗ್ತಿರಲಿಲ್ಲ. ಮಾಂಸದಂಗಡೀಲಿ ರಕ್ತ ಇರದೆ ಪನ್ನೀರಿರುತ್ತಾ?

ಎಲ್ಲಕ್ಕೂ ಕಾರಣ ನೀನೇ. ಹೌದು, ನೀನೇ! ನನ್ನ ಮಂಡಿ ಊದಿಕೊಂಡಾಗ ಡಾಕ್ಟರು ಮಾಂಸ ಕಡಿಮೆ ಮಾಡಿ ಅಂದ್ರು. ಅದನ್ನ ಮನೇಲಿ ಹೇಳಬಾರದಾ? ಅಂಗಡಿ ತುಂಬ ಜನ ಇರುವಾಗ ‘ಅತ್ತೆ, ಬಿಡೋದು ಬೇಡ, ಕಡಿಮೆ ಮಾಡಿ ಸಾಕು’ ಅಂದೆ. ಮಾಂಸ ಮಾರೋಳಿಗೆ! ಅದೂ ಗಿರಾಕಿಗಳ ಮುಂದೆ! ಕಡಿಮೆ ಏನು ಬಂತು, ಅವತ್ತೇ ಪೂರ್ತಿ ಬಿಟ್ಟೆ. ವರ್ಷಗಳೇ ಆದ್ವು, ಒಂದು ತುಂಡು ಬಾಯಿಗಿಟ್ಟಿಲ್ಲ.

ಆಮೇಲೆ ಶುರುವಾಯ್ತು ನಿನ್ನ ಪುರಾಣ. ಬಿಟ್ಟಿದ್ದೀರಲ್ಲ, ಅದರ ಬದಲು ದಿನಾ ಕಾಳು ತಿನ್ನಿ. ಅನ್ನದ ಜೊತೆ ಬೇಳೆ ಇರಲೇಬೇಕು. ಮೊಟ್ಟೆ ಬಿಡಬೇಡಿ, ಮೊಸರು ಬಿಡಬೇಡಿ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿ, ಆಗಲೇ ಅದರ ಕಬ್ಬಿಣ ಮೈಗೆ ಹತ್ತೋದು... ಕಬ್ಬಿಣವಂತೆ! ನಾನೇನು ಕಮ್ಮಾರನ ಕುಲುಮೆಯಾ? ಸಾಲದ್ದಕ್ಕೆ ಬಿ-ಟ್ವೆಲ್ವ್ ಮಾತ್ರೆ. ಅದು ಕಾಳಲ್ಲೂ ಇಲ್ವಂತೆ, ಸೊಪ್ಪಲ್ಲೂ ಇಲ್ವಂತೆ, ಕಡಿಮೆಯಾದ್ರೆ ನರ ಸೊರಗಿ ಕಾಲು ಮರಗಟ್ಟುತ್ತಂತೆ. ಹೆದರಿಸೋದಕ್ಕೂ ಒಂದು ಮಿತಿ ಬೇಡ್ವಾ?

ಊಟದ ಡಬ್ಬಿ ಖಾಲಿಯಾಗಿ ಬರ್ತಿದೆ ಅಂತ ಹಿಗ್ತಿದ್ದೆಯಲ್ಲ? ಅಂಗಡಿ ನಾಯಿ ನೋಡಿದ್ದೀಯಾ, ಹೇಗೆ ಮಿಂಚ್ತಿದೆ? ನಿನ್ನ ಕಾಳು, ನಿನ್ನ ಮೊಟ್ಟೆ, ಎಲ್ಲ ಅದರ ಹೊಟ್ಟೆಗೆ. ಮೊದಮೊದಲು ಕಾಳು ಮೂಸಿ ಬಿಡ್ತಿತ್ತು, ಈಗ ಡಬ್ಬಿ ಸದ್ದಾದ್ರೆ ಬಾಲ ಅಲ್ಲಾಡಿಸುತ್ತೆ. ಮಾತ್ರೆಗಳೆಲ್ಲ ಮೋರಿಗೆ. ಬರೀ ಅನ್ನ, ಉಪ್ಪಿನಕಾಯಿ ತಿಂದು ಕಲ್ಲುಗುಂಡಿನ ಹಾಗಿದ್ದೀನಿ!... ಏನು ಹಾಗೆ ನೋಡ್ತೀಯ? ಬಾಯಿ ಮುಚ್ಚು, ನೊಣ ಹೋದೀತು.

ಅರೆ, ಪಿನ್ನು ಯಾಕೆ ತೆಗೆದೆ? ಚುಚ್ಚಿ ನೋಡ್ತೀಯಾ? ಯಾವಾಗ ಡಾಕ್ಟರಮ್ಮ ಆದೆ?... ಆಗಲಿ, ನೋಡೇಬಿಡು. ಆದರೆ ಮಾತು ಮಾತೇ. ಎಲ್ಲಿ ಚುಚ್ಚಿದೆ ಅಂತ ನಾನು ಸರಿಯಾಗಿ ಹೇಳಿದ್ರೆ ಕತ್ತಿ ನನ್ನದು, ನಿನ್ನ ಗಂಡ ಮತ್ತೆ ಆ ಸುದ್ದಿ ಎತ್ತಬಾರದು. ಹೇಳದಿದ್ರೆ... ಹೇಳದೆ ಏನು! ಕಣ್ಣು ಮುಚ್ಚಬೇಕಾ? ತಗೋ, ಮುಚ್ಚಿದೆ.

ಹ್ಞೂಂ, ಚುಚ್ಚು. ಹೆದರ್ಕೋಬೇಡ, ಒದೆಯಲ್ಲ... ಹಾ! ಹೆಬ್ಬೆರಳು. ಅಲ್ವಾ?... ಹಾಗಾದ್ರೆ ಹಿಮ್ಮಡಿ. ಅದನ್ನೇ ಹೇಳೋಕೆ ಹೊರಟಿದ್ದೆ... ಏನೇ, ಹ್ಞೂಂ ಅನ್ನು, ಉಹೂಂ ಅನ್ನು! ದಿನಾ ವಟವಟ ಅನ್ನೋಳು ಇವತ್ತೇ ಮೂಗಿಯಾದೆಯಾ?... ಮೂಗು ಯಾಕೆ ಎಳ್ಕೋತಿದ್ದೀಯ? ಅಳು ಯಾಕೆ?... ನೋಡು, ನಾನಿನ್ನೂ ಕಣ್ಣು ಬಿಟ್ಟಿಲ್ಲ. ಬಿಡೋದೂ ಇಲ್ಲ...

ಇನ್ನೂ ಚುಚ್ಚೇ ಇಲ್ಲ ಅಂತ ಹೇಳೇ. ಸುಳ್ಳಾದ್ರೂ ಸರಿ, ಹೇಳು.