ಒಗೆದ ಅಂಗಿ

ಅಯೋವಾದ ಲಾಂಡ್ರಿಯೊಂದರಲ್ಲಿ ಮಕ್ಕಳ ಟವೆಲ್ ಮಡಿಸುತ್ತಿದ್ದ ಡೋರೀನ್ ಪಕ್ಕದ ವಯಸ್ಸಾದ ದಂಪತಿಯ ಮಾತಿಗೆ ಕಿವಿಗೊಟ್ಟಳು.

"ಕಾಲೇಜು ಹುಡುಗೀರು ಬ್ಯಾಸ್ಕೆಟ್‌ಬಾಲ್ ಕಪ್ ಗೆದ್ದಾಯ್ತಲ್ಲ. ಆ ಅದೃಷ್ಟದ ಅಂಗಿ ಇನ್ನಾದ್ರೂ ಒಗೆಯೋಕೆ ಕೊಡಿ ವರ್ಲಿನ್."

"ಒಗೀದೇ ಇದ್ದಿದ್ದಕ್ಕೇ ಕಣೆ ಗೆದ್ದಿದ್ದು. ಐವತ್ತೆಂಟನೇ ಇಸವೀಲಿ ಅಮ್ಮ ಅಪ್ಪನ ಬೇಸ್‌ಬಾಲ್ ಟೋಪಿ ಒಗೆದ್ಲು, ನಮ್ಮೂರು ಫೈನಲ್ ಸೋತಿತು. ಅಪ್ಪ ಸಾಯೋವರೆಗೂ ಅವಳನ್ನ ಅಂತಾನೇ ಇದ್ದ."

"ನೀವೂ ಅಂತೀರಿ, ಪ್ರತಿ ಕ್ರಿಸ್‌ಮಸ್ಸಿಗೂ ಅತ್ತೆ ಮನೆಗೆ ಹೋದಾಗ."

"ಮತ್ತೆ?"

"ಬೈಬೇಡಿ. ಫೈನಲ್ ಹಿಂದಿನ ದಿನ ಈ ಅಂಗೀನೂ ಕೈತಪ್ಪಿ ಮೆಷಿನ್‌ಗೆ ಹೋಗಿತ್ತು. ಅತ್ತೆ ಥರ ನಾನೂ ಜನ್ಮವಿಡೀ ಅನ್ನಿಸ್ಕೋಬೇಕಲ್ಲ ಅಂತ ಜೀವ ಹೋಗಿತ್ತು ನಂಗೆ."

ವರ್ಲಿನ್ ಮೈಮೇಲಿದ್ದ ಅಂಗಿಯನ್ನು ನೋಡಿಕೊಂಡ.

"ಒಗೆದ ಮೇಲೂ ಗೆದ್ರಾ?"

"ಆಡಿದ್ದು ಹುಡುಗೀರು ಕಣ್ರೀ, ನಿಮ್ಮ ಅಂಗಿ ಅಲ್ಲ."

ವರ್ಲಿನ್ ಅಂಗಿ ಬಿಚ್ಚಿ ಮೆಷಿನ್‌ಗೆ ಹಾಕಿದ. ಬನಿಯನ್ನಿನಲ್ಲೇ ಫೋನ್ ಮಾಡುತ್ತಾ ಬಾಗಿಲತ್ತ ನಡೆದ. ಹೆಂಡತಿ ನಗುತ್ತಾ ಹಿಂದೆ ಹೋದಳು.

"ಅಮ್ಮಾ, ಆ ಟೋಪಿ ವಿಷಯ... ತಪ್ಪು ನಿಂದಲ್ಲ."